ಅಕ್ಕನ ಕನ್ನಡಕ

ಕನ್ನಡಕದಂಗಡಿಯ ಒಳಕೋಣೆಯಲ್ಲಿ ಕೂತು ಬಂದವರ ಕಣ್ಣು ಪರೀಕ್ಷಿಸುವ ಆ ಹೆಂಗಸಿಗೆ ನಲವತ್ತೊಂಬತ್ತು ವರ್ಷ. ನೋಡಿದವರು ಅರವತ್ತು ಎನ್ನುತ್ತಾರೆ; ಸ್ವಲ್ಪ ದಯೆ ಇರುವವರು ಐವತ್ತೆಂಟಕ್ಕೆ ನಿಲ್ಲಿಸುತ್ತಾರೆ. ಇಪ್ಪತ್ತೆಂಟಕ್ಕೇ ತಲೆ ನರೆಯಲು ಶುರುವಾಗಿತ್ತು. ಬಣ್ಣ ಹಚ್ಚಿದರೆ ಹಣೆ ತುಂಬ ಗುಳ್ಳೆ ಏಳುತ್ತಿತ್ತು, ಹಾಗಾಗಿ ಆ ಆಸೆಯನ್ನೂ ಬಿಟ್ಟಳು. ಇದು ಸಾಲದೆಂಬಂತೆ ದೇವರು ಅವಳಿಗೊಬ್ಬ ಅಕ್ಕನನ್ನು ಕೊಟ್ಟಿದ್ದ. ಅಕ್ಕನಿಗೆ ಐವತ್ತಮೂರು. ನಲವತ್ತು ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಹೋಲಿಕೆ ಅವಳಿಗೆ ಹೊಸದೇನಲ್ಲ. ಚಿಕ್ಕಂದಿನಲ್ಲೇ ಬಂದ ನೆಂಟರೆಲ್ಲ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ತೂಗಿ ನೋಡುತ್ತಿದ್ದರು. ರೂಪ ಅಕ್ಕನ ಪಾಲಿಗೆ ಹೋಯಿತು, ಮಾರ್ಕ್ಸೂ ಅಕ್ಕನ ಪಾಲಿಗೇ ಹೋಯಿತು. ಇವಳಿಗೆ ಉಳಿದದ್ದು ಒಂದೇ, ಚಿಕ್ಕವಳು ಅನ್ನುವುದು. ಅಕ್ಕನ ಕೈ ಹಿಡಿದು ರಸ್ತೆ ದಾಟುವ ಪುಟ್ಟಿ ತಾನು ಎಂಬ ಸುಖದಲ್ಲಿ ಬಾಕಿಯದನ್ನೆಲ್ಲ ಮರೆತಿದ್ದಳು. ಈಗ ಕಂಡಕಂಡವರು ಅದಕ್ಕೂ ಕೈ ಹಾಕಿದ್ದರು.

ಮೊನ್ನೆ ಬಟ್ಟೆಯಂಗಡಿಯವನು ಅಕ್ಕನಿಗೆ, "ಮೇಡಂ, ನಿಮ್ಮಕ್ಕನಿಗೆ ಈ ತಿಳಿ ಬಣ್ಣ ಒಪ್ಪುತ್ತೆ ನೋಡಿ" ಎಂದ. ಅಕ್ಕ ನಕ್ಕಳು. ಅಲ್ಲಪ್ಪಾ, ಇವಳೇ ಚಿಕ್ಕವಳು ಅನ್ನಲು ಎಷ್ಟು ಹೊತ್ತು ಬೇಕು? ಅನ್ನಲಿಲ್ಲ. ದಾರಿಯಲ್ಲಿ, "ಯಾಕೇ ಮುಖ ಊದಿಸ್ಕೊಂಡಿದೀಯಾ? ತಮಾಷೆಗಂದ ಅವನು" ಎಂದಳು.

"ಎಲ್ರೂ ತಮಾಷೆನೇ ಮಾಡ್ತಾರಾ?"

"ಮತ್ತಿನ್ನೇನು? ನಿನ್ನ ನೋಡಿ ನಿಜವಾಗ್ಲೂ ಯಾರಾದ್ರೂ ನನ್ನ ಅಕ್ಕ ಅಂದ್ಕೋತಾರಾ?"

ತಂಗಿಗೆ ಮೈಯೆಲ್ಲ ಉರಿದುಹೋಯಿತು. ಗಾಯ ಮಾಡಿದ್ದಲ್ಲದೆ ಗೇಲಿ ಬೇರೆ. ಆವತ್ತಿನಿಂದ ಅವಳ ಮನಸ್ಸಿನಲ್ಲಿ ಒಂದೇ ಹಟ. ಅಕ್ಕ ಒಮ್ಮೆಯಾದರೂ ಹೊರಗಿನವರ ಮುಂದೆ ಬಾಯಿಬಿಟ್ಟು, ಇವಳು ನನ್ನ ತಂಗಿ ಅನ್ನಬೇಕು.

ಅವಳ ಕಸುಬಿನಲ್ಲಿ ಒಂದು ಗುಟ್ಟಿದೆ. ನಲವತ್ತು ದಾಟಿದ ಮೇಲೆ ಹತ್ತಿರದ್ದನ್ನು ಓದಲು ಬೇಕಾಗುವ ಪವರ್ ವಯಸ್ಸಿನ ಜೊತೆಗೇ ಏರುತ್ತದೆ. ಮುಖಕ್ಕೆ ಏನು ಬೇಕಾದರೂ ಬಳಿಯಬಹುದು, ಕಣ್ಣಿಗೆ ಬಳಿಯಲಾಗದು. ವಯಸ್ಸು ಮುಚ್ಚಿಡುವವರನ್ನು ಅವಳು ಇಪ್ಪತ್ತಾರು ವರ್ಷಗಳಿಂದ ಹೀಗೇ ಹಿಡಿಯುತ್ತ ಬಂದಿದ್ದಳು, ಒಳಗೊಳಗೇ ನಗುತ್ತ.

ಹಾಗಾಗಿ, ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲವೆಂದು ಅಕ್ಕ ಒಂದು ಮಧ್ಯಾಹ್ನ ಅಂಗಡಿಗೇ ಬಂದಾಗ ತಂಗಿಗೆ ಇದೇ ಸಮಯ ಅನ್ನಿಸಿತು. ಅಕ್ಕ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಹೊಸ ಕ್ಯಾಶಿಯರ್ ಫಾರಂ ಹಿಡಿದು ಬಂದು ಅಕ್ಕನನ್ನು ಕೇಳಿದ.

"ವಯಸ್ಸು ಬರೆದೇ ಇಲ್ಲ ಮೇಡಂ. ನಿಮ್ಮಕ್ಕನ್ನೇ ಕೇಳಿ ಹಾಕ್ಕೊಳ್ಲಾ?"

ಈಗಲಾದರೂ ಹೇಳುತ್ತಾಳೆ ಎಂದು ತಂಗಿ ಕಾದಳು. ಅಕ್ಕ ಮತ್ತೆ ನಕ್ಕಳು. "ಹಾಕ್ಕೊಳ್ಳಿ, ಹಾಕ್ಕೊಳ್ಳಿ."

"ಆಮೇಲೆ ಬರೀರಿ" ಎಂದು ತಂಗಿ ಬಾಗಿಲು ಎಳೆದುಕೊಂಡಳು. ನೀನು ಹೇಳದಿದ್ದರೇನು, ನಿನ್ನ ಕಣ್ಣೇ ಹೇಳುತ್ತದೆ ಎಂದುಕೊಂಡು ಪರೀಕ್ಷೆಯ ಫ್ರೇಮನ್ನು ಅಕ್ಕನ ಮೂಗಿನ ಮೇಲೆ ಕೂರಿಸಿದಳು. ದೂರಕ್ಕೂ ಪವರ್ ಬೇಕಾಗಿತ್ತು, ಹತ್ತಿರಕ್ಕೆ ಇನ್ನೂ ಹೆಚ್ಚು. ಲೆನ್ಸ್ ಮೇಲೆ ಲೆನ್ಸ್ ಹಾಕುತ್ತ ಹೋದಳು. ಇಷ್ಟು ವರ್ಷ ಇವಳು ಹೇಗೆ ಬದುಕಿದಳೋ ಎಂದು ಸಿಟ್ಟಿನಲ್ಲೂ ಆಶ್ಚರ್ಯವಾಯಿತು. ಐವತ್ತಮೂರಕ್ಕೆ ಸರಿಯಾದ ಪವರ್ರೇ ಸಿಕ್ಕಿತು. ಅಕ್ಕ ಕೈಯಲ್ಲಿದ್ದ ಅಕ್ಷರದ ಕಾರ್ಡಿನ ಕೊನೆಯ ಸಾಲನ್ನು ಪಟಪಟ ಓದಿದಳು.

"ಅಬ್ಬಾ, ಎಲ್ಲಾ ಎಷ್ಟು ಚೆನ್ನಾಗಿ ಕಾಣ್ತಿದೆಯೇ!" ಎಂದು ಖುಷಿಯಿಂದ ತಲೆಯೆತ್ತಿದಳು.

ತಂಗಿಯ ಮುಖ ಒಂದು ಗೇಣಿನ ದೂರದಲ್ಲಿತ್ತು. ಅಕ್ಕನ ನಗು ಅಲ್ಲೇ ನಿಂತುಹೋಯಿತು. ಬೆರಳು ಚಾಚಿ ತಂಗಿಯ ಕಣ್ಣಿನ ಕೆಳಗೆ ಮುಟ್ಟಿದಳು, ಬಾಯಿಯ ಪಕ್ಕದ ಗೆರೆಯನ್ನೂ ಮುಟ್ಟಿದಳು.

"ಪುಟ್ಟೀ, ಇದೆಲ್ಲ ಯಾವಾಗಾಯ್ತೇ?"

"ಯಾವುದು?"

"ಕೂದಲಷ್ಟೇ ಬೆಳ್ಳಗಾಗಿದೆ ಅಂದ್ಕೊಂಡಿದ್ದೆ ಕಣೇ. ಮುಖ ಹಾಗೇ ಇದೆ ಅಂತ... ಅವ್ರೆಲ್ಲ ನಿಜವಾಗ್ಲೂ ತಮಾಷೆಗೆ ಅಂತಾರೆ ಅಂದ್ಕೊಂಡಿದ್ದೆ."

ಅಕ್ಕ ಆ ಫ್ರೇಮ್ ತೊಟ್ಟುಕೊಂಡೇ ಎದ್ದು ಬಾಗಿಲು ತೆರೆದಳು. "ಏನಪ್ಪಾ, ನನ್ನ ವಯಸ್ಸು ಐವತ್ತಮೂರು ಅಂತ ಬರ್ಕೊಳ್ಳಿ. ಇವಳು ನನ್ನ ತಂಗಿ. ನಾಲ್ಕು ವರ್ಷ ಚಿಕ್ಕವಳು."

ಅಂದಳು. ಬೇಕಾದಷ್ಟು ಗಟ್ಟಿಯಾಗಿಯೇ ಅಂದಳು. ಆದರೆ ಆ ದನಿಯಲ್ಲಿ ಕನಿಕರ ತುಂಬಿತ್ತು. ಕಾಯಿಲೆಯವರನ್ನು ನೋಡಿ ಬಂದವರು ಮಾತಾಡುವ ಹಾಗಿತ್ತು. ಇಡೀ ಲೋಕದಲ್ಲಿ ಒಂದು ಜೊತೆ ಕಣ್ಣಿಗೆ ತಾನು ಇನ್ನೂ ರಸ್ತೆ ದಾಟುವ ಪುಟ್ಟಿಯಾಗಿದ್ದೆ ಎಂದು ತಂಗಿಗೆ ಈಗ ತಿಳಿಯಿತು. ಐದು ನಿಮಿಷದ ಹಿಂದಿನವರೆಗೂ ಆಗಿದ್ದಳು. ಆ ಕಣ್ಣನ್ನು ತನ್ನ ಕೈಯಾರೆ ಸರಿಮಾಡಿಬಿಟ್ಟಿದ್ದಳು.

ಅಕ್ಕ ಬಂದು ಮತ್ತೆ ಎದುರಿಗೆ ಕೂತಳು. ಮುಖವನ್ನೇ ನೋಡುತ್ತಿದ್ದಳು.

"ಅದನ್ನ ತೆಗಿಯಕ್ಕಾ" ಎಂದಳು ತಂಗಿ.

"ಯಾಕೇ, ಟೆಸ್ಟ್ ಮುಗೀತಾ?"

"ಮುಗೀತು. ಸ್ವಲ್ಪ ಹೊತ್ತು ತೆಗೆದು ನನ್ನ ನೋಡು."