ಝೆಂಕಿ ಗಾಡಿಗೆ ಕೋಕಿ ಹೋಸ್

ಮೂರು ವರ್ಷದ ಹಿಂದಿನ ಮಾತು. ಸಿಯಾಟಲ್ ಪಕ್ಕದ ಕೆನ್ಮೋರ್‌ನಲ್ಲಿ, ಹಳೆಯ ಜಪಾನಿ ಕಾರುಗಳನ್ನು ಮಾತ್ರ ರಿಪೇರಿ ಮಾಡುವ ಗ್ಯಾರೇಜಿನಲ್ಲಿ ನಾನು ಸೀನಿಯರ್ ಮೆಕ್ಯಾನಿಕ್ ಆಗಿದ್ದೆ. ಇಪ್ಪತ್ತೆರಡು ವರ್ಷದ ಅನುಭವವಿತ್ತು. ಆ ಅನುಭವದ ಧೈರ್ಯವೇ ನನ್ನ ಕಣ್ಣು ಕಟ್ಟಿತು.

ಈ ಕಾರುಗಳ ಅಭಿಮಾನಿಗಳು ಎರಡು ಜಪಾನಿ ಪದ ಬಳಸುತ್ತಾರೆ. ಒಂದು ಮಾಡೆಲ್ ಮೊದಲು ಬಂದಾಗಿನ ರೂಪ ‘ಝೆಂಕಿ’. ಕೆಲವು ವರ್ಷಗಳ ಮೇಲೆ ಹೆಡ್‌ಲೈಟ್, ಬಂಪರ್ ಬದಲಿಸಿ, ಒಳಗೂ ಒಂದಿಷ್ಟು ತಿದ್ದಿ ಬಿಟ್ಟದ್ದು ‘ಕೋಕಿ’. ಒಂದರ ಬಿಡಿಭಾಗ ಇನ್ನೊಂದಕ್ಕೆ ಎಲ್ಲ ಕಡೆಯೂ ಹೊಂದುವುದಿಲ್ಲ.

ಮೈಸೂರಿನ ಸುಮನಾ ಬೆಲ್‌ವ್ಯೂ ಊರಿನಾಚೆಯ ಫ್ಯಾಕ್ಟೋರಿಯಾ ಬಡಾವಣೆಯ ಒಂದು ಆಫೀಸಿನಲ್ಲಿ ಎಂಜಿನಿಯರ್. ಆಗಷ್ಟೇ ಕೊಂಡಿದ್ದ ಹಳೆಯ ಕಾರಿಗೆ ಮುಂದಿನ ಚಕ್ರಗಳ ಬ್ರೇಕ್ ಹೋಸ್, ಅಂದರೆ ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಕೊಳವೆ, ಹಾಕಿಸಲು ಬಂದರು. ಕಾರಿನ ಮುಖ ನೋಡಿ ಕೋಕಿ ಎಂದುಕೊಂಡೆ, ಕೋಕಿ ಹೋಸ್ ತರಿಸಿ ಹಾಕಿದೆ. ನೇರ ರಸ್ತೆಯಲ್ಲಿ ಓಡಿಸಿ ಬ್ರೇಕ್ ಪರೀಕ್ಷಿಸಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಲಿಲ್ಲ. ಸಂಜೆ ಅವರು ಗಾಡಿ ಒಯ್ದರು.

ಮರುದಿನ ಬೆಳಿಗ್ಗೆ ಹಳೆಯ ಹೋಸ್ ಎಸೆಯಲು ಎತ್ತಿಕೊಂಡೆ. ಅದು ನಾನು ಹಾಕಿದ್ದಕ್ಕಿಂತ ಎರಡು ಬೆರಳಷ್ಟು ಉದ್ದವಿತ್ತು. ಫೈಲಿನಲ್ಲಿದ್ದ, ಗಾಡಿಯ ಮೂಲ ನಂಬರ್ ಕೊರೆದ ಚಾಸಿ ಪ್ಲೇಟಿನ ಫೋಟೋ ತೆಗೆದು ಕಂಪನಿಯ ಪಟ್ಟಿಯೊಂದಿಗೆ ತಾಳೆ ನೋಡಿದೆ. ಗಾಡಿ ಝೆಂಕಿ. ಹಿಂದೆ ಯಾರೋ ಅದಕ್ಕೆ ಕೋಕಿಯ ಮುಖ ಕೂರಿಸಿದ್ದರು. ಚಕ್ರ ಪೂರ್ತಿ ತಿರುಗಿದಾಗಲೆಲ್ಲ ಗಿಡ್ಡ ಹೋಸ್ ಜಗ್ಗುತ್ತದೆ; ಹರಿದರೆ ಬ್ರೇಕ್ ಆಯಿಲ್ ಸೋರಿಹೋಗುತ್ತದೆ. ಸುಮನಾ ಕಾರು ನಿಲ್ಲಿಸುವುದು ಆಫೀಸಿನ ನಾಲ್ಕನೇ ಮಹಡಿಯ ಪಾರ್ಕಿಂಗಿನಲ್ಲಿ. ಇಳಿಯುವ ದಾರಿಯೆಲ್ಲ ಬಿಗಿ ತಿರುವು.

ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಕಾರು ಓಡಿಸಬೇಡಿ ಎಂದು ಅವರಿಗೆ ಮೆಸೇಜ್ ಹಾಕಿ, ಗ್ಯಾರೇಜಿನ ಮಾಲೀಕ ಕೆನ್‌ಗೆ ವಿಷಯ ತಿಳಿಸಿದೆ.

“ಮರುಪರೀಕ್ಷೆ ಇದೆ ಅಂತ ಕರೆಸು. ನಮ್ಮ ತಪ್ಪು ಅಂತ ಹೇಳಬೇಡ,” ಎಂದ.

“ಹಾಗಂದರೆ ಅದೇ ಗಾಡಿ ಓಡಿಸಿಕೊಂಡು ಬರುತ್ತಾರೆ,” ಎಂದು ಹೇಳಿ ಅವರ ಆಫೀಸಿಗೆ ಹೊರಟುಬಿಟ್ಟೆ.

405 ಹೆದ್ದಾರಿಯಲ್ಲಿ ವಾಹನಗಳು ತೆವಳುತ್ತಿದ್ದವು. ಬೆಲ್‌ವ್ಯೂ ದಾಟುವಾಗ ಸುಮನಾ ಅವರ ಫೋನ್ ಬಂತು.

“ಮೀಟಿಂಗ್‌ನಲ್ಲಿದ್ದೆ ಸರ್, ಮೆಸೇಜ್ ಇನ್ನೂ ಓದಿಲ್ಲ. ಏನು ಇಷ್ಟೊಂದು ಕಾಲ್? ಮಗಳಿಗೆ ಜ್ವರ ಅಂತ ಸ್ಕೂಲಿಂದ ಫೋನ್ ಬಂತು, ಹೊರಟಿದೀನಿ.” ಹಿಂದೆ ಎಂಜಿನ್ನಿನ ಸದ್ದು ಕೇಳುತ್ತಿತ್ತು.

“ಆಫ್ ಮಾಡಿ ಮೇಡಂ! ತಪ್ಪು ಹೋಸ್ ಹಾಕಿದೀನಿ. ಬ್ರೇಕ್ ಹೋಗಬಹುದು.”

“ತಪ್ಪು ಅಂದ್ರೆ?”

“ನನ್ನ ತಪ್ಪು. ದಯವಿಟ್ಟು ಇಳೀರಿ.”

ಎಂಜಿನ್ ನಿಂತಿತು, ಬಾಗಿಲು ತೆರೆದ ಸದ್ದಾಯಿತು.

ನಾನು ತಲುಪಿ ಟಾರ್ಚ್ ಹಾಕಿ ನೋಡಿದಾಗ ಬಲಗಡೆಯ ಹೋಸ್ ಕಬ್ಬಿಣದ ಜಾಯಿಂಟಿನ ಬಳಿ ಬಿರಿದಿತ್ತು. ಚಕ್ರದ ಒಳಮೈ ಒದ್ದೆಯಾಗಿತ್ತು. ಸುಮನಾ ಕೂಡ ಬಗ್ಗಿ ನೋಡಿದರು.

“ಬೆಳಿಗ್ಗೆ ಇದರಲ್ಲೇ ಮಗಳನ್ನ ಸ್ಕೂಲಿಗೆ ಬಿಟ್ಟೆ,” ಎಂದರು.

ನನ್ನ ಕಾರಿನ ಕೀ ಚಾಚಿದೆ. ನನ್ನ ಮುಖವನ್ನೂ ನೋಡದೆ ತೆಗೆದುಕೊಂಡು ಹೋದರು. ನಾನು ಅಲ್ಲೇ ಟೋ ಟ್ರಕ್ಕಿಗಾಗಿ ಕಾದು ನಿಂತೆ.

ವಾರದ ಬಳಿಕ ಕಾರು ಒಯ್ಯಲು ಬಂದ ಸುಮನಾ ಮೊದಲು ಕೇಳಿದ್ದು, “ಈ ಸಲ ಪ್ಲೇಟ್ ಓದಿದ್ರಾ?”

“ಓದಿದೀನಿ. ನೀವೂ ಓದಿ,” ಎಂದು ಬಾನೆಟ್ ಎತ್ತಿದೆ. ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಹೊಸ ಹೋಸಿನ ಚೀಟಿಯೊಂದಿಗೆ ತಾಳೆ ನೋಡಿದರು. ಮೊದಲಾಗಿದ್ದರೆ ನನಗೆ ಅವಮಾನವೆನಿಸುತ್ತಿತ್ತು. ತಪ್ಪು ಮಾಡಿದವನ ಕೆಲಸವನ್ನು ಗಿರಾಕಿ ಎರಡೆರಡು ಸಲ ನೋಡಿದರೆ ಬೇಸರಪಡುವ ಹಕ್ಕು ಅವನಿಗಿಲ್ಲ. ಬಾನೆಟ್ ಹಿಡಿದು ಪಕ್ಕದಲ್ಲಿ ನಿಲ್ಲುವುದೂ ಅವನ ಕೆಲಸವೇ.