ಪಾಯಿಂಟ್ ಗಾರ್ಡ್ ಪರ ವಹಿಸುತ್ತಿದ್ದ ಎದುರು ಮನೆಯ ಆಂಟಿ

ಮೊನ್ನೆ ಆಫೀಸು ಮುಗಿಸಿ ಎಲ್‌ಆರ್‌ಟಿ ರೈಲು ಹತ್ತಿದಾಗ ಪಕ್ಕದ ಸೀಟಿನ ಚೀನೀ ಅಜ್ಜಿಯೊಬ್ಬರು ಬೆರಳುದ್ದದ ಬಾಟಲಿ ತೆರೆದು ಹಸಿರು ಎಣ್ಣೆಯನ್ನು ಹಣೆಗೆ ಹಚ್ಚಿಕೊಂಡರು. ಪುದೀನ, ಕರ್ಪೂರ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಡವಡವ ಎನ್ನತೊಡಗಿತು. ಆಟ ಮುಗಿಯಲು ಇನ್ನು ಕೆಲವೇ ಸೆಕೆಂಡು ಇವೆ, ನಮ್ಮವರು ಒಂದು ಪಾಯಿಂಟ್ ಹಿಂದಿದ್ದಾರೆ ಎನ್ನುವ ಹಾಗೆ. ಎದುರು ಫ್ಲ್ಯಾಟಿನ ಆಂಟಿ ಅಂಥ ಹೊತ್ತಿನಲ್ಲೇ ಈ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಒಮ್ಮೊಮ್ಮೆ ನನ್ನ ಹಣೆಗೂ ಬಳಿಯುತ್ತಿದ್ದರು.

ಆಂಟಿ ಮಂಗಳೂರಿನವರು. ಪೆಟಾಲಿಂಗ್ ಜಯಾದ ಒಂದು ಕಂಪನಿಯಲ್ಲಿ ದುಡಿದು ನಿವೃತ್ತರಾಗಿದ್ದರು. ನಾನು ಉಡುಪಿಯವನು. ಪರದೇಶದಲ್ಲಿ ಅಷ್ಟು ನೆಂಟಸ್ತಿಕೆ ಸಾಕು, ಎರಡೂ ಮನೆಯ ಬಾಗಿಲು ತೆರೆದೇ ಇರುತ್ತಿದ್ದವು. ಅವರ ಗಂಡನಿಗೆ ಬಾಸ್ಕೆಟ್‌ಬಾಲ್ ಹುಚ್ಚು. ಗಂಡ ತೀರಿಕೊಂಡ ಮೇಲೆ ಟಿವಿಯ ಸ್ಪೋರ್ಟ್ಸ್ ಪ್ಯಾಕೇಜ್ ತೆಗೆಸಲು ಆಂಟಿಗೆ ಮನಸ್ಸು ಬರಲಿಲ್ಲ. ಮನೆಯಲ್ಲಿ ಒಂದು ಸದ್ದು ಇರಲಿ ಎಂದು ಹಾಕಿಟ್ಟದ್ದು, ನೋಡುತ್ತ ನೋಡುತ್ತ ಅವರಿಗೂ ಅಂಟಿಕೊಂಡಿತು...

ಪ್ರತಿ ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜು ತಂಡಗಳ ನಾಕೌಟ್ ಪಂದ್ಯಗಳು ಬರುತ್ತಿದ್ದವು. ಸೋತವರು ಅಂದೇ ಮನೆಗೆ. ಅಲ್ಲಿ ರಾತ್ರಿ ಆಡಿದ್ದು ನಮಗೆ ಬೆಳಗಿನ ಕಾಫಿಯ ಹೊತ್ತಿಗೆ ನೇರ ಪ್ರಸಾರ. ನನ್ನ ಹೆಂಡತಿಗೆ ವಾರಾಂತ್ಯದಲ್ಲೂ ಆಸ್ಪತ್ರೆಯ ಡ್ಯೂಟಿ, ಹಾಗಾಗಿ ನಾನೂ ಮಗಳೂ ಕೆಳಗಿನ ಮಾಮಕ್ ಹೋಟೆಲಿನಿಂದ ರೋಟಿ ತಪಾವು, ಎಂದರೆ ಪಾರ್ಸೆಲ್, ಮಾಡಿಸಿಕೊಂಡು ಆಂಟಿಯ ಮನೆಗೆ ಹೋಗಿಬಿಡುತ್ತಿದ್ದೆವು. ಮಗಳಿಗೆ ಚೆಂಡಿನ ಹುಚ್ಚು ಹಿಡಿದದ್ದು ಆ ಮನೆಯ ನೆಲದ ಮೇಲೆ ಕೂತೇ.

ಒಂದು ವರ್ಷ ನಮ್ಮ ಮೆಚ್ಚಿನ ತಂಡದಲ್ಲಿ ಒಬ್ಬ ಸಪೂರದ ಹುಡುಗ ಪಾಯಿಂಟ್ ಗಾರ್ಡ್ ಆಗಿದ್ದ. ಚೆಂಡು ತಂದು ಆಟ ಕಟ್ಟುವವನು ಅವನೇ. ಆದರೆ ಬುಟ್ಟಿಗೆ ಹಾಕು ಎಂದರೆ ಪಕ್ಕದವನಿಗೆ ಕೊಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ದಂಡಪಿಂಡ, ಹೆದರುಪುಕ್ಕಲ ಎಂದು ಟಿವಿಗೆ ಬೈಯುತ್ತಿದ್ದೆ.

“ಅವನು ಹಾಕುದಿಲ್ಲ, ಹಾಕುದಿಲ್ಲ ಅಂತ ಬೊಬ್ಬೆ ಹಾಕ್ತಿಯಲ್ಲ, ಹಾಕಿದವರಿಗೆಲ್ಲ ಬಾಲ್ ಕೊಟ್ಟದ್ದು ಯಾರು ಮಾರಾಯಾ?” ಎಂದು ಆಂಟಿ ನನ್ನ ಮೇಲೆ ಏರಿ ಬರುತ್ತಿದ್ದರು. ಆಟ ಮುಗಿದರೂ ನಮ್ಮ ಜಗಳ ಮುಗಿಯುತ್ತಿರಲಿಲ್ಲ. ನನಗೂ ಅದು ಬೇಕಾಗಿತ್ತು ಎಂದು ಕಾಣುತ್ತದೆ. ನನ್ನದು ಮೊದಲಿಂದಲೂ ಪುಕ್ಕಲು ಜೀವ. ಹೆದರಿಕೆ ಒಳಗೆ ನಿಲ್ಲುವುದಿಲ್ಲ, ಬೈಗುಳವಾಗಿ ಹೊರಗೆ ಬರುತ್ತದೆ.

ಮಗಳು ನಿಲಾಯ್‌ನ ಯೂನಿವರ್ಸಿಟಿ ಸೇರಿ, ಅಲ್ಲಿನ ತಂಡದಲ್ಲಿ ತಾನೂ ಪಾಯಿಂಟ್ ಗಾರ್ಡ್ ಆದಳು. ಅವಳದ್ದೂ ಅದೇ ಆಟ, ಕೊಡುವುದೇ ಜಾಸ್ತಿ. ಪ್ರತಿ ಪಂದ್ಯದ ನಂತರ ನಾನು ಕೇಳುತ್ತಿದ್ದೆ: ನೀನೇ ಯಾಕೆ ಹಾಕಲಿಲ್ಲ? ಕ್ವಾರ್ಟರ್ ಫೈನಲ್ ಗೆದ್ದು ಬಂದ ದಿನವೂ ಕೇಳಿದೆ. ಅವಳು ಶೂ ಬಿಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

“ಪಾ, ಇನ್ನೊಂದ್ಸಲ ಇದನ್ನ ಕೇಳಿದ್ರೆ ಐ ಕ್ವಿಟ್ ಲಾ. ಜೆರ್ಸಿ ವಾಪಸ್ ಕೊಟ್ಟು ಹಾಸ್ಟೆಲಲ್ಲೇ ಇರ್ತೀನಿ. ಸೀರಿಯಸ್ಲಿ.”

ಅವಳು ಹೇಳಿದ್ದನ್ನು ಮಾಡುವವಳು. ಆ ವಾರವಿಡೀ ನನಗೆ ಒಂದೇ ಚಿಂತೆ. ತಂಡ ಸೋಲುತ್ತದೆ ಎಂಬುದಕ್ಕಿಂತ, ಸೋತು ಬಂದವಳ ಎದುರು ನನ್ನ ನಾಲಿಗೆ ಏನು ಮಾಡೀತು ಎಂಬ ಭಯ. ಆಟವೂ ಹೋಗಿ ಮಗಳೂ ಹೋದರೆ?

ಸೆಮಿಫೈನಲ್ ಶನಿವಾರ ಮಧ್ಯಾಹ್ನ. ಪಂದ್ಯದ ಅಂಗಣಕ್ಕೆ ನಾನು ಬರಕೂಡದು ಎಂದು ಮಗಳ ಕಟ್ಟಪ್ಪಣೆ. ಆಂಟಿಯ ಟಿವಿಗೆ ಫೋನು ಜೋಡಿಸಿ ನೋಡಿದೆವು. ಒಂದೇ ಕ್ಯಾಮೆರಾ, ಅದೂ ಆಗಾಗ ನಿಂತುಬಿಡುತ್ತಿತ್ತು. ಕೊನೆಗೆ ಒಂದು ಪಾಯಿಂಟ್ ಹಿಂದೆ, ಚೆಂಡು ನನ್ನ ಮಗಳ ಕೈಯಲ್ಲಿ. ಎದುರಿಗೆ ಬಯಲು. ಅವಳು ಓಡಿದಳು, ಎಗರಿದಳು... ಮೂಲೆಯಲ್ಲಿದ್ದ ಗೆಳತಿಗೆ ಎಸೆದಳು. ಗೆಳತಿಯ ಗುರಿ ತಪ್ಪಿತು. ಸೀಟಿ ಊದಿಯೇಬಿಟ್ಟರು.

ಮಗಳಿಗೆ ಕರೆ ಮಾಡಲು ನಾನು ಫೋನಿಗೆ ಕೈ ಹಾಕಿದೆ. ಆಂಟಿ ಅದನ್ನು ಕಿತ್ತುಕೊಂಡು ಬಾಗಿಲು ಮುಚ್ಚಿದರು. ಆ ಬಾಗಿಲು ಮುಚ್ಚಿದ್ದನ್ನು ಹಗಲಲ್ಲಿ ನಾನು ನೋಡಿಯೇ ಇರಲಿಲ್ಲ.

“ಅವಳು ಬರ್ಲಿಕ್ಕೆ ಟೈಮ್ ಉಂಟು. ಹೊಟ್ಟೆಯಲ್ಲಿ ಇರುದನ್ನೆಲ್ಲ ನನ್ನತ್ರ ಹೇಳಿ ಮುಗಿಸು. ಅವಳತ್ರ ಒಂದು ಶಬ್ದ ಹೇಳ್ಬಾರ್ದು.”

“ಎದುರಿಗೆ ಒಂದು ನರಪಿಳ್ಳೆ ಇರ್ಲಿಲ್ಲ ಆಂಟಿ! ಹಾಕ್ಲಿಕ್ಕೆ ಎಂತ ಧಾಡಿ ಅವಳಿಗೆ?”

“ಎಡಗಡೆಯಿಂದ ಇಬ್ಬರು ಬರ್ತಿದ್ರು. ನಿನಗೆ ಕಾಣ್ಲಿಲ್ಲ, ಅವಳಿಗೆ ಕಂಡಿತು.”

ಮತ್ತೆ ನಾನು ಕೂಗಿದೆ, ಅವರೂ ಕೂಗಿದರು. ಮೊದಲ ನಿಮಿಷದಿಂದ ಕೊನೆಯ ಎಸೆತದವರೆಗೆ ಮಗಳ ಆಟವನ್ನು ನಾನು ಹಿಂಜಿ ಹಾಕಿದೆ, ಅವರು ಒಂದೊಂದನ್ನೂ ಎತ್ತಿ ಜೋಡಿಸಿದರು. ನನ್ನ ಗಂಟಲು ಬಿದ್ದುಹೋಯಿತು. ಹೇಳಿದ್ದನ್ನೇ ಹೇಳತೊಡಗಿದೆ. ಆಮೇಲೆ ಅದೂ ನಿಂತು, ನನಗೇ ಗೊತ್ತಿಲ್ಲದೆ ಅಳು ಬಂತು. ಪಾಪ, ಎಷ್ಟು ಓಡಿದಳು... ಎಂದೆ. ಆಂಟಿ ಎದ್ದು ಬಾಗಿಲು ತೆರೆದರು.

ಸ್ವಲ್ಪ ಹೊತ್ತಿಗೆ ಮಗಳು ಬಂದಳು. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. “ಬಾ ಮಗಾ, ಎಂತಾದ್ರೂ ತಿಂದ್ಯಾ?” ಎಂದೆ. ಅವಳು ಚೀಲ ಕೆಳಗಿಟ್ಟು ನನ್ನ ಭುಜಕ್ಕೆ ತಲೆ ಕೊಟ್ಟಳು. ಮುಂದಿನ ವರ್ಷವೂ ಆಡಿದಳು, ಅದರ ಮುಂದಿನ ವರ್ಷವೂ.

ಆಂಟಿ ತೀರಿಕೊಂಡದ್ದು ಹೋದ ವರ್ಷ. ಸ್ಮಶಾನದಿಂದ ಹಿಂದಿರುಗುವಾಗ ಕಾರಿನಲ್ಲಿ ಮಗಳು ಅಳುತ್ತಳುತ್ತಲೇ ನಕ್ಕಳು. ಆ ಸೆಮಿಫೈನಲ್ ದಿನ ಅವಳು ಬೇಗನೇ ಬಂದಿದ್ದಳಂತೆ. ಆಂಟಿ ಮೊದಲೇ ಹೇಳಿಟ್ಟಿದ್ದರಂತೆ: ಮೇಲೆ ಬರಬೇಡ, ಮಾಮಕ್‌ನಲ್ಲಿ ಕೂತಿರು, ನಿನ್ನ ಅಪ್ಪನದ್ದು ಮುಗಿದ ಮೇಲೆ ಮಿಸ್ಡ್ ಕಾಲ್ ಕೊಡ್ತೇನೆ. ಅವಳು ಒಂದರ ಮೇಲೊಂದು ತಣ್ಣನೆ ಮೈಲೋ ಕುಡಿಯುತ್ತ ಕೂತಿದ್ದಳು. ಅದೊಂದೇ ದಿನವಲ್ಲ, ಆಮೇಲಿನ ಪ್ರತಿ ಪಂದ್ಯಕ್ಕೂ ಹಾಗೇ. “ಪಾ, ಸಮ್‌ಟೈಮ್ಸ್ ಯು ಟುಕ್ ಸೋ ಲಾಂಗ್” ಎಂದಳು.

ಮೊನ್ನೆ ಎಲ್‌ಆರ್‌ಟಿ ಇಳಿಯುವಾಗ ಮಗಳ ಮೆಸೇಜು ಬಂತು. ಮಾಂಟ್ ಕಿಯಾರಾದ ಶಾಲೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಾಳೆ, ಮನೆಗೆ ಬರುತ್ತಿದ್ದಾಳೆ, ಬಂದು ಮಾತಾಡುತ್ತಾಳೆ. ಒಳ್ಳೆಯ ಕೆಲಸ, ಯಾಕೆ ಬಿಟ್ಟಳು, ಯಾರನ್ನು ಕೇಳಿ ಬಿಟ್ಟಳು, ಮುಂದೆ ಏನು... ಲಿಫ್ಟಿನಲ್ಲಿ ಮಾತು ಗಂಟಲಿನವರೆಗೆ ಬಂದು ನಿಂತಿತ್ತು. ಎದುರು ಫ್ಲ್ಯಾಟಿನ ಹೊರಗೆ ಯಾರದೋ ಮಕ್ಕಳ ಚಪ್ಪಲಿಗಳಿದ್ದವು. ಬಾಗಿಲು ಮುಚ್ಚಿತ್ತು.

ಮಗಳಿಗೆ ಫೋನು ಮಾಡಿ, ಕೆಳಗೆ ಸ್ವಲ್ಪ ಕೂತಿರು ಎಂದೆ. “ಓಕೆ ಪಾ, ಮಾಮಕ್‌ನಲ್ಲಿ ಇರ್ತೀನಿ” ಎಂದಳು. ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಒಬ್ಬನೇ ಕೂಗಾಡಿದೆ. ಎದುರು ವಾದಿಸುವವರೇ ಇಲ್ಲ, ಅವಳ ಪರ ಒಂದು ಮಾತು ಆಡುವವರಿಲ್ಲ. ಕೊನೆಗೆ ಅದನ್ನೂ ನಾನೇ ಆಡಬೇಕಾಯಿತು. ಅವಳಿಗೆ ಕಂಡದ್ದು ನನಗೆ ಕಂಡಿರಲಿಕ್ಕಿಲ್ಲ, ಎಂದು ಗಟ್ಟಿಯಾಗಿಯೇ ಹೇಳಿದೆ. ಆಮೇಲೆ ಮಿಸ್ಡ್ ಕಾಲ್ ಕೊಟ್ಟೆ.