ಪೊರೆ ಬಂದ ಕಣ್ಣು

ತೊಂಬತ್ತರ ದಶಕದ ಮಾತು. ನೇತ್ರದಾನದ ಕೆಲಸದಲ್ಲಿದ್ದ ನಾನು ಹಳಿಯಾಳದ ಹತ್ತಿರ ಒಂದು ಲಿಂಗಾಯತರ ಮನೆಗೆ ಐಸ್ ಡಬ್ಬಿ ಹಿಡಿದು ಓಡಿದ್ದೆ. ತೀರಿಕೊಂಡ ಯಜಮಾನರು ಕಣ್ಣು ಕೊಡುತ್ತೇನೆಂದು ತಾವೇ ಬಾಯಿಬಿಟ್ಟು ಹೇಳಿದ್ದರು. ಆದರೂ ಹಿರಿಮಗ ಬಾಗಿಲಿಗೆ ಅಡ್ಡ ನಿಂತ.

"ಅಪ್ಪನ್ನ ಕುಂದರ್ಸಿ ಮಣ್ಣ ಮಾಡ್ತೇವ್ರಿ. ನೀವು ಕಣ್ಣ ತಗೊಂಡ ಹೋದ್ರ ಅಂಗೈಯಾಗಿನ ಲಿಂಗ ಹೆಂಗ ನೋಡ್ಬೇಕ್ರಿ?"

ನನಗೆ ಮೈಯೆಲ್ಲ ಉರಿಯಿತು. ಹೋದವರ ಮಾತಿಗೆ ಇಷ್ಟೇ ಬೆಲೆಯೇ? ನಾನು ಬಾಯಿ ತೆರೆಯುವ ಮೊದಲೇ ಶವದ ಪಕ್ಕ ಕೂತಿದ್ದ ಅವನ ತಾಯಿ ತಲೆ ಎತ್ತಿದರು.

"ಪೊರಿ ಬಂದು ಲಿಂಗ ಕಾಣವಲ್ದು, ದವಾಖಾನಿಗೆ ಕರ್ಕೊಂಡ ಹೋಗೋ ಅಂತ ನಿಮ್ಮಪ್ಪ ಬಡ್ಕೊಂಡ್ರು. ಆವಾಗ ಎಲ್ಲಿ ಹೋಗಿತ್ತಲೇ ಈ ಭಕ್ತಿ?"

ಮಗ ಸರಿದು ನಿಂತ. ಪೊರೆ ಬಂದ ಕಣ್ಣೂ ದಾನಕ್ಕೆ ನಡೆಯುತ್ತದೆ, ತೆಗೆದುಕೊಂಡು ಬಂದೆ. ಮುಂದೆ ಆ ಮಗ ತನ್ನ ಕಣ್ಣೂ ಕೊಡುತ್ತೇನೆಂದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.